ಮಕ್ಕಳು ಕಲಿತಿದ್ದಾರೆ ಎಂದು ಸಾಬೀತು ಮಾಡಿ

ಕಲಿಸುವ ಕೆಲಸದಲ್ಲಿರುವವರು ನಗುವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ದಿನಾ ಬೆಳಿಗ್ಗೆ ಬಂದು, ಹಾಜರಿ ಹೇಳಿ, ಬೆಂಚಿನ ಮೇಲೆ ಕೂತಿರುತ್ತದೆ. ಅದರಲ್ಲೂ ನಮ್ಮದು ಗಣಿತ ಮತ್ತು ಸ್ಟ್ಯಾಟಿಸ್ಟಿಕ್ಸ್ ವಿಭಾಗ. ಮದುವೆ ಮನೆಯಲ್ಲಿ ಯಾರಾದರೂ "ನೀವು ಏನು ಕಲಿಸ್ತೀರಿ?" ಎಂದು ಕೇಳಿದಾಗ ನಾನು ಉತ್ತರ ಹೇಳಿದರೆ ಸಾಕು, ಕೇಳಿದವರು ತಕ್ಷಣ "ಊಟ ಆಯ್ತಾ?" ಎನ್ನುತ್ತಾರೆ.

ನಾನು ವಿಜಯಪುರದ ಕಡೆಯವಳು. ಮದುವೆಯಾಗಿ ಮುಂಬೈಗೆ ಬಂದು, ಇಲ್ಲಿನ ಉಪನಗರದ ಒಂದು ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸುತ್ತಾ ತಲೆಗೂದಲು ಬೆಳ್ಳಗಾಗುವಷ್ಟು ಕಾಲ ಕಳೆದಿದ್ದೇನೆ. ಕಾಲೇಜು ನಡೆಸುವವರು ಕನ್ನಡಿಗರು, ಓದುವವರು ಎಲ್ಲ ಭಾಷೆಯವರು. ವಿಭಾಗದ ಹೆಡ್ ಸರ್ ಧಾರವಾಡದವರು, ಗಣಿತದವರು. ಪ್ರಿನ್ಸಿಪಾಲರು ಉಡುಪಿಯ ಕಡೆಯವರು, ಕಾಮರ್ಸಿನವರು. ಇಷ್ಟು ಹೇಳಿದರೆ ಮುಂದಿನ ಜಗಳವೆಲ್ಲ ನಿಮಗೇ ಹೊಳೆದೀತು.

ಎರಡು ವರ್ಷದ ಹಿಂದೆ ಆಡಳಿತ ಮಂಡಳಿಯವರು ಹೆಡ್ ಸರ್ ಅವರನ್ನೂ ನನ್ನನ್ನೂ ಕರೆದು ಚಹಾ ಕೊಟ್ಟರು. ಬಿಸ್ಕತ್ತು ಕೂಡ ಕೊಟ್ಟದ್ದು ನೋಡಿ, ಏನೋ ಕೆಟ್ಟ ಸುದ್ದಿಯೇ ಇದೆ ಎಂದುಕೊಂಡೆ. "ಹೊರಗಿನಿಂದ ಮೌಲ್ಯಮಾಪನ ತಂಡ ಬರುತ್ತದೆ. ನಿಮ್ಮ ವಿಭಾಗದ ಮಕ್ಕಳು ನಿಜಕ್ಕೂ ಕಲಿತಿದ್ದಾರೆ ಅಂತ ತಂಡದವರಿಗೆ ಸಾಬೀತು ಮಾಡಿದರೆ ವಿಭಾಗ ಉಳಿಯುತ್ತದೆ. ಇಲ್ಲವಾದರೆ ಮುಂದಿನ ವರ್ಷದಿಂದ ಅಡ್ಮಿಷನ್ ಬಂದ್. ನಿಮ್ಮ ಎರಡೂ ಕೋಣೆ ಮ್ಯಾನೇಜ್‌ಮೆಂಟ್ ಕೋರ್ಸಿಗೆ" ಎಂದರು. ಮ್ಯಾನೇಜ್‌ಮೆಂಟ್ ಕೋರ್ಸಿನವರು ಎಷ್ಟು ಚುರುಕೆಂದರೆ, ಮರುದಿನವೇ ಬಂದು ನಮ್ಮ ಕಿಟಕಿಗಳಿಗೆ ಪರದೆಯ ಅಳತೆ ತೆಗೆದುಕೊಂಡು ಹೋದರು.

ಹೆಡ್ ಸರ್ ಅವರಿಗೆ ಉರಿದುಹೋಯಿತು. "ಮೇಡಂ, ಸಾಬೀತು ಮಾಡೂದು ನಮ್ಮ ಕಸಬು ಐತ್ರಿ. ಇಷ್ಟು ವರ್ಷ ಪ್ರಮೇಯ ಸಾಬೀತು ಮಾಡೀವಿ, ಈಗ ಹುಡುಗೂರ್ನ ಮಾಡೂಣು. ಆ ಪರದಿ ಹೆಂಗ ಹಾಕ್ತಾರ ನೋಡೇಬಿಡ್ತೀನಿ" ಎಂದರು.

ಹೀಗೆ ಶುರುವಾಯಿತು ನಮ್ಮ ಹೋರಾಟ.

೧. ಹೆಡ್ ಸರ್ ಕೇಳಿದ ಹೊಸ ಪ್ರಶ್ನೆ

ಮೊದಲು ನಮ್ಮನ್ನು ಅಂಧೇರಿಯಲ್ಲಿ ಒಂದು ತರಬೇತಿಗೆ ಕಳಿಸಿದರು. ವಿಷಯ, ಕಲಿಕೆಯ ಫಲವನ್ನು ಅಳೆಯುವುದು ಹೇಗೆ. ಪ್ರತಿಯೊಂದು ವಿಷಯಕ್ಕೂ "ಇದನ್ನು ಓದಿದ ವಿದ್ಯಾರ್ಥಿ ಇಂಥದ್ದನ್ನು ಮಾಡಬಲ್ಲ" ಎಂದು ಐದಾರು ಸಾಲು ಬರೆಯಬೇಕು. ಆ ಸಾಲುಗಳಿಗೆ ಔಟ್‌ಕಮ್ ಎಂದು ಹೆಸರು. ಹೆಡ್ ಸರ್ ಉತ್ಸಾಹದಿಂದ ಎದ್ದು ನಿಂತು ತಮ್ಮ ಮೊದಲ ಸಾಲು ಓದಿದರು: "ವಿದ್ಯಾರ್ಥಿಯು ಲಿಮಿಟ್ ಎಂದರೇನೆಂದು ಅರ್ಥ ಮಾಡಿಕೊಳ್ಳುವನು."

ತರಬೇತಿ ಕೊಡುತ್ತಿದ್ದ ಹುಡುಗಿ ಹಾವು ಕಂಡವಳಂತೆ ಹಿಂದೆ ಸರಿದಳು. "ನೋ ಸರ್! ಅರ್ಥ ಮಾಡಿಕೊಳ್ಳುವುದು ಬೇಡ. ಅರ್ಥ ಆಗಿದ್ದು ಕಣ್ಣಿಗೆ ಕಾಣುವುದಿಲ್ಲ, ಅಳೆಯಲಿಕ್ಕೆ ಬರುವುದಿಲ್ಲ. ಲೆಕ್ಕ ಮಾಡುವನು, ಬಿಡಿಸುವನು, ಬಳಸುವನು, ಹೀಗೆ ಬರೆಯಿರಿ."

"ಅಂದ್ರ ಅರ್ಥ ಆಗೂದು ಬ್ಯಾಡೇನ್ರಿ?"

"ಆದರೆ ಆಗಲಿ ಸರ್. ಬರೆಯಬೇಡಿ."

ವಾಪಸು ಬರುವಾಗ ಮೆಟ್ರೊದಲ್ಲಿ ಹೆಡ್ ಸರ್ ತಮ್ಮ ಮೊದಲ ಸಾಲನ್ನು ಹೊಡೆದು ಹಾಕಿದರು. ಅವರು ಹಟದ ಮನುಷ್ಯ. ಮರುದಿನ ಕ್ಲಾಸಿನಲ್ಲಿ ಪಾಠ ಮುಗಿಸಿ, ಅಭ್ಯಾಸಬಲದಿಂದ "ಅರ್ಥ ಆತಿಲ್ಲೋ?" ಎಂದು ಕೇಳಲು ಬಾಯಿ ತೆರೆದವರು, ತರಬೇತಿ ನೆನಪಾಗಿ ತಡೆದರು. "ಇದನ್ನ ಬೋರ್ಡಿನ ಮ್ಯಾಲ ಬಿಡಿಸಿ ತೋರ್ಸೋರು ಯಾರು?" ಎಂದು ಕೇಳಿದರು.

ಸ್ಟಾಫ್ ರೂಮಿಗೆ ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು. ನಾನು ನೀರು ಕೊಟ್ಟು, ಏನಾಯಿತೆಂದು ಕೇಳಿದೆ.

"ಮೇಡಂ, ನೌಕರಿಗೆ ಸೇರಿದಾಗಿಂದ ಅರ್ಥ ಆತೇನು ಅಂತ ಕೇಳ್ಕೋತ ಬಂದೀನಿ. ಇಡೀ ಕ್ಲಾಸ್ 'ಯೆಸ್ ಸರ್' ಅಂತ ಒದರತಿತ್ತು. ನಾ ಎದಿ ಉಬ್ಬಿಸ್ಕೊಂಡು ಮನಿಗೆ ಹೋಗ್ತಿದ್ದೆ. ಇವತ್ತು ಬಿಡಿಸ್ರಿ ಅಂದೆ. ಫ್ಯಾನ್ ತಿರುಗೂ ಸಪ್ಪಳ ಬಿಟ್ರ ಏನೂ ಕೇಳಿಸಲಿಲ್ಲ."

"ಹಂಗಾರ ಏನ್ ಮಾಡಿದ್ರಿ ಸರ್?"

"ಏನ್ ಮಾಡೂದು, ಮೊದಲಿಂದ ಕಲಿಸಿದೆ. ಈ ಔಟ್‌ಕಮ್ ಭಾಳ ಡೇಂಜರ್ ಐತ್ರಿ ಮೇಡಂ. ಹಿಂಗಾದ್ರ ನಾವು ಖರೇನೇ ಪಾಠ ಮಾಡಬೇಕಾಗ್ತದ."

೨. ಲೋಕಲ್ ರೈಲಿನ ಅಭಿಪ್ರಾಯ

ಸೆಮಿಸ್ಟರ್ ಮುಗಿದಾಗ ಮಕ್ಕಳ ಮೊಬೈಲಿಗೆ ಒಂದು ಲಿಂಕ್ ಹೋಗುತ್ತದೆ. "ಈ ವಿಷಯದಿಂದ ನನಗೆ ದತ್ತಾಂಶವನ್ನು ವಿಶ್ಲೇಷಿಸಲು ಬಂತು" ಎಂಬಂಥ ವಾಕ್ಯಗಳು. ಪ್ರತಿ ವಾಕ್ಯದ ಕೆಳಗೆ ಒಂದೇ ಸಾಲಿನಲ್ಲಿ ಐದು ಗುಂಡಿ. ಎಡತುದಿಯದ್ದು "ಸ್ವಲ್ಪವೂ ಒಪ್ಪುವುದಿಲ್ಲ", ಬಲತುದಿಯದ್ದು "ಸಂಪೂರ್ಣ ಒಪ್ಪುತ್ತೇನೆ". ನಡುವೆ ಮೂರು ಮೆಟ್ಟಿಲು.

ಆ ವರ್ಷ ನನ್ನ ವಿಷಯದ ಫಲಿತಾಂಶ ಬಂದಾಗ ಪ್ರಿನ್ಸಿಪಾಲರು ನನ್ನನ್ನು ಕ್ಯಾಬಿನ್ನಿಗೆ ಕರೆಸಿದರು. "ಇದೆಂತ ಮಾರಾಯ್ರೇ? ಅರ್ಧಕ್ಕಿಂತ ಹೆಚ್ಚು ಮಕ್ಕಳು ನಿಮ್ಮನ್ನು ದೇವರು ಅಂತಿದ್ದಾರೆ. ಉಳಿದವರು ಏನೂ ಕಲೀಲಿಲ್ಲ ಅಂತಿದ್ದಾರೆ. ನಡುವೆ ಒಂದು ನರಪಿಳ್ಳೆ ಇಲ್ಲ. ಇದನ್ನು ತಂಡಕ್ಕೆ ತೋರಿಸಿದರೆ ನಿಮ್ಮ ವಿಭಾಗದ ಕತೆ ಮುಗೀತು."

ನನಗೆ ನಿಜವಾಗಿ ಬೇಜಾರಾಯಿತು. ಇಷ್ಟು ಮಕ್ಕಳಿಗೆ ನಾನು ಏನೂ ಕಲಿಸಲಿಲ್ಲವೇ ಎಂದು ಊಟ ಸೇರಲಿಲ್ಲ. ಕೊನೆಗೆ ಮೂರನೇ ವರ್ಷದ ಒಬ್ಬ ಹುಡುಗಿಗೆ, ಪ್ರಾಜೆಕ್ಟಿಗೆ ಇದನ್ನೇ ತೆಗೆದುಕೋ, ಯಾರು ಯಾಕೆ ಹೀಗೆ ಒತ್ತಿದರು ಪತ್ತೆ ಮಾಡು ಎಂದೆ. ಅವಳು ಬೆಳಗಾವಿಯ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡದಲ್ಲಿ ಹೊರಟು ಹಿಂದಿಯಲ್ಲಿ ಇಳಿಯುವ ಪೈಕಿ.

ಮುಂದಿನ ವಾರ ನಗುತ್ತಾ ಬಂದಳು. "ಮ್ಯಾಮ್, ಟೆನ್ಷನ್ ಮತ್ ಲೋ. ಇದು ನಿಮ್ದು ಟೀಚಿಂಗ್ ಬಗ್ಗೆ ಅಲ್ಲವೇ ಅಲ್ಲ. ಲಿಂಕ್ ಬಂದಿದ್ದು ಸಂಜೆ. ಎಲ್ಲರೂ ಲೋಕಲ್‌ನಲ್ಲಿ ಖಡೇ ಖಡೇ, ನಿಂತ್ಕೊಂಡೇ ಫಾರ್ಮ್ ತುಂಬಿದ್ದು. ಎಡಗೈಯಲ್ಲಿ ಹ್ಯಾಂಡಲ್ ಹಿಡಿದವರು ಬಲಗೈ ಅಂಗೂಠಾ, ಹೆಬ್ಬೆರಳಿಂದ ಒತ್ತಿದ್ದು, ಅಂಗೂಠಾ ಬಲಗಡೆ ಗುಂಡಿಗೇ ಹೋಗ್ತದೆ. ಬಲಗೈಯಲ್ಲಿ ಹ್ಯಾಂಡಲ್ ಹಿಡಿದವರದು ಉಲ್ಟಾ."

ಬರೀ ಮಾತಲ್ಲ. ಒಬ್ಬೊಬ್ಬರನ್ನೂ ಕೇಳಿ, ಯಾವ ಕೈಯಲ್ಲಿ ಹ್ಯಾಂಡಲ್, ಯಾವ ಗುಂಡಿ ಎಂದು ಕೋಷ್ಟಕ ಮಾಡಿ, ಇದು ಆಕಸ್ಮಿಕವಲ್ಲ ಎಂದು ಸ್ಟ್ಯಾಟಿಸ್ಟಿಕ್ಸಿನ ಪರೀಕ್ಷೆ ಹಚ್ಚಿ ತೋರಿಸಿದ್ದಳು. ನಾನು ಕಲಿಸಿದ ಪರೀಕ್ಷೆಯೇ. ನನಗೆ ಎಷ್ಟು ಖುಷಿಯಾಯಿತೆಂದರೆ, ಅವಳ ಕೈ ಹಿಡಿದುಕೊಂಡು ಪ್ರಿನ್ಸಿಪಾಲರ ಕ್ಯಾಬಿನ್ನಿಗೆ ನಡೆದೆ.

ಪ್ರಿನ್ಸಿಪಾಲರು ಕನ್ನಡಕ ಏರಿಸಿ ಇಳಿಸಿ ನೋಡಿದರು. "ನಡುವಿನ ಗುಂಡಿ ಯಾರೂ ಒತ್ತಲಿಲ್ಲ ಯಾಕೆ?"

"ಸರ್, ಅದಕ್ಕೆ ಪ್ರಶ್ನೆ ಓದಬೇಕು. ಓದಲಿಕ್ಕೆ ಕೂತುಕೊಳ್ಳಬೇಕು" ಎಂದಳು ಹುಡುಗಿ.

"ಹಾಗಾದರೆ ಕೊನೆಗೆ ಈ ಮೇಡಂ ಚೆನ್ನಾಗಿ ಕಲಿಸ್ತಾರೋ ಇಲ್ಲವೋ?"

"ಯಾರಿಗಾದರೂ ಸೀಟು ಸಿಕ್ಕ ದಿನ ಗೊತ್ತಾಗುತ್ತದೆ ಸರ್."

೩. ಗುಂಡಿ ತೋಡುವ ಸಲಹೆಗಾರರು

ತಂಡ ಬರುವ ಮೊದಲು ನಮ್ಮ ತಯಾರಿ ನೋಡಲು ಕಾಲೇಜಿನವರು ಒಬ್ಬ ಸಲಹೆಗಾರರನ್ನು ಕರೆಸಿದರು. ಪವಾಯಿಯಲ್ಲಿ ಅವರ ಆಫೀಸು, ಕತ್ತಿನಲ್ಲಿ ಟೈ, ಮಾತಿನಲ್ಲಿ ಜೇನು. ಹೆಡ್ ಸರ್ ಬೋರ್ಡಿನ ಮೇಲೆ ಬಿಡಿಸಿ ತೋರಿಸಿ ಎಂದು ವರ್ಷವಿಡೀ ಮಕ್ಕಳ ಬೆನ್ನು ಹತ್ತಿದ್ದರ ಫಲವಾಗಿ ಅವರ ಕ್ಯಾಲ್ಕುಲಸ್ಸಿನಲ್ಲಿ ಎಲ್ಲ ಔಟ್‌ಕಮ್‌ಗಳೂ ಗುರಿ ಮುಟ್ಟಿದ್ದವು. ಸರ್ ಅದನ್ನು ಮೊಮ್ಮಗನ ಫೋಟೊ ತೋರಿಸುವಷ್ಟು ಸಂಭ್ರಮದಿಂದ ತೋರಿಸಿದರು.

ಸಲಹೆಗಾರರ ಮುಖ ಸಣ್ಣದಾಯಿತು. "ಸರ್, ಇದು ಬಹಳ ಕೆಟ್ಟದಾಯಿತು. ಕೊರತೆಯೇ ಇಲ್ಲ! ಕೊರತೆ ಇದ್ದರೆ ತಾನೇ ಕ್ರಮ ಕೈಗೊಂಡೆವು ಎಂದು ಬರೆಯುವುದು? ಕ್ರಮ ಕೈಗೊಂಡರೆ ತಾನೇ ಕೊರತೆ ನೀಗಿತು ಎಂದು ಬರೆಯುವುದು? ಒಂದೆರಡು ಕಡೆ ಸ್ವಲ್ಪ ಇಳಿಸಿ ತೋರಿಸಿ."

"ಏನಂದ್ರೀ?" ಎಂದು ಹೆಡ್ ಸರ್ ಕುರ್ಚಿಯಿಂದ ಎದ್ದರು. "ಛಲೋ ಇರೂ ರಸ್ತಾದಾಗ ಮೊದಲ ತಗ್ಗು ತೋಡೂದು, ಆಮ್ಯಾಲ ಮುಚ್ಚೂದು, ಆಮ್ಯಾಲ ರಸ್ತಾ ಮಾಡೀವಿ ಅಂತ ಬೋರ್ಡ್ ಹಚ್ಚೂದು? ನಮ್ಮ ಓಣ್ಯಾಗ ವರ್ಷಾ ಇದನ್ನೇ ಮಾಡ್ತಾರ್ರೀ!"

ಸಲಹೆಗಾರರ ಮುಖ ಅರಳಿತು. ಎದ್ದು ಬಂದು ಹೆಡ್ ಸರ್ ಕೈಯನ್ನೇ ಹಿಡಿದು ಕುಲುಕಿದರು.

"ಕರೆಕ್ಟ್ ಸರ್! ಇಷ್ಟು ಬೇಗ ಯಾವ ಕಾಲೇಜಿನವರೂ ಹಿಡಿದಿರಲಿಲ್ಲ."

ಹೆಡ್ ಸರ್ ಒಂದು ಅಂಕಿಯನ್ನೂ ಇಳಿಸಲಿಲ್ಲ. ಸಲಹೆಗಾರರಿಗೆ ಚಹಾ ಕೂಡ ತರಿಸಲಿಲ್ಲ.

೪. ಹೇಳಿದಷ್ಟೇ ತಪ್ಪು ಮಾಡಿದ ಮಗ

ತಂಡ ಬರುವ ವರ್ಷವೇ ಮಕ್ಕಳು ವಿಭಾಗ ಬಿಟ್ಟು ಹೋದರೆ ನಮ್ಮ ಗತಿ ಏನು? ಅಂಥ ಸಮಯದಲ್ಲಿ ಒಬ್ಬ ಹುಡುಗನ ತಂದೆ ಬಂದರು. ವಿಕ್ರೋಳಿ ಸ್ಟೇಷನ್ನಿನ ಹತ್ತಿರ ಅವರದೊಂದು ಹೋಟೆಲು. ಕುಂದಾಪುರದ ಕಡೆಯವರು, ಮಾತು ನೇರ.

"ಮೇಡಂ, ಮಗನನ್ನು ನಿಮ್ಮ ಕೋರ್ಸಿನಿಂದ ಬಿಡಿಸಿ ಮ್ಯಾನೇಜ್‌ಮೆಂಟಿಗೆ ಹಾಕ್ತೇನೆ. ಎರಡು ವರ್ಷದಿಂದ ಓದುತ್ತಿದ್ದಾನೆ. ಎಂತ ಕಲಿತೆ ಅಂತ ಕೇಳಿದರೆ ಪ್ರಾಬಬಿಲಿಟಿ ಅಂತಾನೆ. ಅದರಿಂದ ನನ್ನ ಹೋಟೆಲಿಗೆ ಎಂತ ಉಪಯೋಗ?"

ಪಕ್ಕದಲ್ಲೇ ನಿಂತಿದ್ದ ಹುಡುಗನಿಗೆ ರೋಷ ಬಂತು. "ಅಪ್ಪ, ಒಂದು ಚಾನ್ಸ್ ಕೊಡಿ. ಬರುವ ವಾರ ಬೆಳಿಗ್ಗೆ ದಿನಾ ಎಷ್ಟು ವಡೆ ಹೋಗ್ತದೆ ಅಂತ ನಾನು ಹೇಳ್ತೇನೆ."

ತಂದೆ ಒಪ್ಪಿದರು. ಹುಡುಗ ಹಳೆಯ ವ್ಯಾಪಾರ, ಮಳೆ, ಆಫೀಸಿನ ರಜೆ ಎಲ್ಲ ಕೂಡಿಸಿ ಲೆಕ್ಕ ಹಾಕಿದ. ನಾನು ಆ ವಾರವಿಡೀ ಮಗಳ ಹೆರಿಗೆಗೆ ಕಾದವಳಂತೆ ಕಾದೆ. ವಾರದ ಕೊನೆಯ ದಿನ ಬೆಳಿಗ್ಗೆ, ಮಗನನ್ನು ಹಿಂದಿಟ್ಟುಕೊಂಡು, ಸ್ಟಾಫ್ ರೂಮಿನ ಬಾಗಿಲಲ್ಲಿ ಆ ತಂದೆಯೇ ಪ್ರತ್ಯಕ್ಷ. ಎರಡೂ ಕೈಯಲ್ಲಿ ದೊಡ್ಡ ದೊಡ್ಡ ಪೊಟ್ಟಣ. ಬಿಚ್ಚಿದರೆ ಬಿಸಿ ವಡೆ! ಇಡೀ ಸ್ಟಾಫ್ ರೂಮು ಮುಗಿಬಿತ್ತು. ನಾನು ಗೆದ್ದೆನೆಂದು ಬಾಯಿ ತುಂಬ ವಡೆ ತುಂಬಿಕೊಂಡು "ಹಾಗಾದರೆ ಲೆಕ್ಕ ಸರಿ ಬಂತು ಅನ್ನಿ!" ಎಂದೆ.

"ಎಲ್ಲಿ ಸರಿ ಬಂತು? ಇವತ್ತು ತಪ್ಪಿತು. ಅದಕ್ಕೇ ಅಲ್ವಾ ಇಷ್ಟು ಉಳಿದದ್ದು!"

ನಾನು ಬಾಯಲ್ಲಿದ್ದ ವಡೆಯನ್ನು ಗಬಕ್ಕನೆ ನುಂಗಿದೆ. "ಹಾಗಾದರೆ... ಮಗನನ್ನು ಬಿಡಿಸ್ತೀರಾ?"

"ಬಿಡಿಸುವುದಾ? ಇಲ್ಲಪ್ಪ!" ಎಂದು ಅವರು ಕುರ್ಚಿ ಎಳೆದುಕೊಂಡು ಕೂತರು. "ನಮ್ಮ ಮ್ಯಾನೇಜರ್ ದಿನಾ ತಪ್ಪು ಅಂದಾಜು ಹಾಕ್ತಾನೆ. ಕೇಳಿದರೆ ಮಳೆ ಅಂತಾನೆ, ಮೆಗಾಬ್ಲಾಕ್, ಲೋಕಲ್ ಬಂದ್ ಅಂತಾನೆ, ಅಡುಗೆ ಭಟ್ಟರ ಕೈ ಸರಿ ಇಲ್ಲ ಅಂತಾನೆ. ನನ್ನ ಮಗ ವಾರದ ಶುರುವಿನಲ್ಲೇ ಹೇಳಿದ್ದ, ಅಪ್ಪ, ನನ್ನ ಲೆಕ್ಕ ಹೆಚ್ಚೆಂದರೆ ಇಷ್ಟು ತಪ್ಪಬಹುದು ಅಂತ. ಸರಿಯಾಗಿ ಅಷ್ಟೇ ತಪ್ಪಿದ ಮೇಡಂ, ಒಂದು ವಡೆ ಜಾಸ್ತಿ ಇಲ್ಲ! ಎಷ್ಟು ತಪ್ಪು ಮಾಡ್ತೇನೆ ಅಂತ ಮೊದಲೇ ಹೇಳುವ ಮ್ಯಾನೇಜರ್ ನಿಮಗೆ ಇಡೀ ಬೊಂಬಾಯಲ್ಲಿ ಸಿಗ್ತಾನಾ?"

ಹುಡುಗ ನಮ್ಮಲ್ಲೇ ಉಳಿದ. ಅವನ ತಮ್ಮನನ್ನೂ ಮುಂದಿನ ವರ್ಷ ಇಲ್ಲಿಗೇ ಸೇರಿಸುತ್ತೇನೆಂದು ತಂದೆ ಹೇಳಿಹೋದರು. ಆ ಮಾತಿಗೆ ಹೆಡ್ ಸರ್ ಇನ್ನೊಂದು ವಡೆ ತೆಗೆದುಕೊಂಡು, "ಹೀಂಗ ತಪ್ಪು ಮಾಡ್ಕೋತ ಇರಪಾ" ಎಂದು ಹುಡುಗನ ಬೆನ್ನು ತಟ್ಟಿದರು.

೫. ತಂಡ ಬಂತು

ಕೊನೆಗೂ ಆ ದಿನ ಬಂತು. ಮ್ಯಾನೇಜ್‌ಮೆಂಟ್ ಕೋರ್ಸಿನವರು ಬಾಗಿಲ ಹತ್ತಿರವೇ ಓಡಾಡುತ್ತಿದ್ದರು. ಕೈಯಲ್ಲಿ ಟೇಪು ಇರಲಿಲ್ಲ, ಅಷ್ಟೇ.

ಪ್ರಿನ್ಸಿಪಾಲರು ಭಾರೀ ವ್ಯವಸ್ಥೆ ಮಾಡಿದ್ದರು. ಹಾಲ್‌ನ ಮುಂದಿನ ಸಾಲಿನಲ್ಲಿ ಇಸ್ತ್ರಿ ಬಟ್ಟೆ ಹಾಕಿದ ನಮ್ಮ ಅತ್ಯುತ್ತಮ ಮಕ್ಕಳು. ಅವರ ಹಿಂದೆ ಪರವಾಗಿಲ್ಲ ಎನ್ನುವವರು. ಫೇಲಾದವರಿಗೆ, ದಾಡಿ ಬಿಟ್ಟವರಿಗೆ, ಬಾಯಿ ಜೋರಿದ್ದವರಿಗೆ ಕ್ಯಾಂಟೀನಿನಲ್ಲಿ ಬಿಟ್ಟಿ ತಿಂಡಿ. "ತಂಡ ಹೋಗುವವರೆಗೆ ಅಲ್ಲೇ ಇರಿ, ಏನು ಬೇಕಾದರೂ ತಿನ್ನಿ" ಎಂದು ಅವರೇ ಸ್ವತಃ ಹೋಗಿ ಹೇಳಿಬಂದಿದ್ದರು. ಅವರ ಸೇವೆಯಲ್ಲೇ ಇಷ್ಟು ಉದಾರವಾದ ಆಜ್ಞೆ ಬೇರೆ ಬಂದಿರಲಿಕ್ಕಿಲ್ಲ.

ತಂಡದ ಅಧ್ಯಕ್ಷರು ಹೊರರಾಜ್ಯದ ಹಿರಿಯ ಪ್ರೊಫೆಸರು, ಭೂಗೋಳದವರು. ತಲೆಗೆ ಟೋಪಿ, ಇಂಗ್ಲಿಷಿನಲ್ಲೇ ಮಾತು. ನಮ್ಮ ಕಡತಗಳ ರಾಶಿಯನ್ನು ಬೆರಳ ತುದಿಯಲ್ಲಿ ಆಚೆ ತಳ್ಳಿ, "ಇವನ್ನು ಎಲ್ಲ ಕಡೆ ನೋಡಿದ್ದೇನೆ. ಮಕ್ಕಳ ಜೊತೆ ಮಾತಾಡುತ್ತೇನೆ. ಯಾರಾದರೂ ಒಬ್ಬರು, ರ‍್ಯಾಂಡಮ್ ಆಗಿ" ಎಂದರು. ಹಾಗೆಂದು ಮುಂದಿನ ಸಾಲಿನ ನಡುವೆ ಕೂತ ಹುಡುಗಿಯತ್ತ ಬೆರಳು ಮಾಡಿದರು. ಅವಳು ನಮ್ಮ ವಿಭಾಗದ ಮೊದಲ ರ‍್ಯಾಂಕಿನವಳು. ಪ್ರಿನ್ಸಿಪಾಲರು ಉಸಿರು ಬಿಟ್ಟರು. ನಾನೂ ಬಿಟ್ಟೆ.

ಹುಡುಗಿ ಎದ್ದು ನಿಂತಳು. ಕೈ ಕಟ್ಟಿಕೊಂಡು, ಬಹಳ ವಿನಯದಿಂದ ಹೇಳಿದಳು: "ಸಾರಿ ಸರ್. ಇದು ರ‍್ಯಾಂಡಮ್ ಅಲ್ಲ."

ಹೆಡ್ ಸರ್ ಕಣ್ಣು ಮುಚ್ಚಿದರು. ತಪ್ಪು ನನ್ನದೇ. ಮೊದಲ ವರ್ಷದ ಮೊದಲ ಪಾಠದಲ್ಲೇ ನಾನು ಆ ಮಕ್ಕಳಿಗೆ ಹೇಳುತ್ತೇನೆ, ಕಣ್ಣಿಗೆ ಕಂಡವರತ್ತ ಬೆರಳು ಮಾಡುವುದು ಆಯ್ಕೆಯೇ ಹೊರತು ರ‍್ಯಾಂಡಮ್ ಅಲ್ಲ, ಎಲ್ಲರಿಗೂ ಸಮಾನ ಅವಕಾಶ ಇದ್ದರೆ ಮಾತ್ರ ರ‍್ಯಾಂಡಮ್, ಇದನ್ನು ಯಾರು ತಪ್ಪು ಮಾಡಿದರೂ ಸುಮ್ಮನಿರಬೇಡಿ ಎಂದು. ಯಾರು ಮಾಡಿದರೂ ಎಂದರೆ ಇವರನ್ನೂ ಸೇರಿಸಿ ಎಂದು ನನಗೆ ಹೊಳೆದಿರಲಿಲ್ಲ.

ಅಧ್ಯಕ್ಷರ ಹುಬ್ಬು ಮೇಲೇರಿತು. "ಹಾಗಾದರೆ ಇದು ಏನು?"

"ಅನುಕೂಲಕ್ಕೆ ತಕ್ಕ ಆಯ್ಕೆ, ಸರ್."

"ಯಾರ ಅನುಕೂಲ?"

ಹುಡುಗಿ ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಪ್ರಿನ್ಸಿಪಾಲರತ್ತ ನೋಡಿದಳು. ಇಡೀ ಹಾಲ್ ಅವಳ ಜೊತೆಗೆ ಅತ್ತಲೇ ನೋಡಿತು.

ಅಧ್ಯಕ್ಷರು "ಸರಿ, ನೀವೇ ಸರಿಯಾದ ರೀತಿಯಲ್ಲಿ ಆರಿಸಿ" ಎಂದರು. ಅಷ್ಟು ಹೇಳಿದ್ದೇ ತಡ, ನಮ್ಮ ಮಕ್ಕಳು ಮದುವೆ ಮನೆಯ ಬೀಗರಂತೆ ಗದ್ದಲಕ್ಕೆ ನಿಂತರು. ಒಬ್ಬ, ಮೊಬೈಲಿನಲ್ಲಿ ಸಂಖ್ಯೆ ತೆಗೆಯೋಣ ಎಂದ. ಇನ್ನೊಬ್ಬ, ಮೊಬೈಲು ನಮ್ಮದಾದರೆ ತಂಡಕ್ಕೆ ಸಂಶಯ ಬರುತ್ತದೆ, ಚೀಟಿ ಹಾಕೋಣ ಎಂದ. ಮತ್ತೊಬ್ಬಳು, ಹಾಲ್‌ನಲ್ಲಿ ಇದ್ದವರದು ಮಾತ್ರ ಹಾಕಿದರೆ ಏನು ಬಂತು, ಇಡೀ ವಿಭಾಗದ ರೋಲ್ ನಂಬರ್ ಹಾಕಬೇಕು ಎಂದಳು. ಊಟದ ಹೊತ್ತು ಮೀರುತ್ತಿದ್ದರೂ ಬಿಡದೆ, ಎಲ್ಲ ನಂಬರ್ ಬರೆದು, ಒಂದೇ ಅಳತೆಯಲ್ಲಿ ಮಡಚಿ, ಹೆಲ್ಮೆಟ್ಟಿನಲ್ಲಿ ಹಾಕಿ ಚೆನ್ನಾಗಿ ಕಲಸಿ, ಅಧ್ಯಕ್ಷರ ಮುಂದೆ ಹಿಡಿದರು. "ಸರ್, ಕಣ್ಣು ಮುಚ್ಚಿ ಪ್ಲೀಸ್." ಅವರು ಮುಚ್ಚಿದರು!

ಚೀಟಿ ಬಿಚ್ಚಿ ಓದಿದ ಕೂಡಲೇ ಹಿಂದಿನ ಸಾಲಿನಿಂದ "ಬಾಪ್ ರೇ" ಎಂಬ ಉದ್ಗಾರ ಬಂತು. ಆ ನಂಬರ್ ಯಾರದೆಂದು ನಿಮಗೆ ಹೇಳಲೇಬೇಕು. ನನ್ನ ಪತ್ರಿಕೆಯಲ್ಲೇ ಎರಡು ಸಲ ಫೇಲಾದವನು. ಸೂತ್ರ ಬಾಯಿಗೆ ಬಾರದವನು, ಆದರೆ ವಾದಕ್ಕೆ ನಿಂತರೆ ಸಾಕ್ಷಾತ್ ವಕೀಲ. ನಾನು ಪೇಪರಿನಲ್ಲಿ ಒಂದು ಅಂಕ ಕಳೆದರೆ ಅದಕ್ಕೆ ಅರ್ಧ ಗಂಟೆ ಜಗಳವಾಡುವವನು. ಕ್ಯಾಂಟೀನಿನಲ್ಲಿ ಬಿಟ್ಟಿ ತಿಂಡಿಯ ಮುಂದಾಳು.

"ಅವನು ಇವತ್ತು ಬಂದಿಲ್ಲ. ಬೇರೆ ಚೀಟಿ ತೆಗೆಯಬಹುದು" ಎಂದರು ಪ್ರಿನ್ಸಿಪಾಲರು, ಬೆವರು ಒರೆಸಿಕೊಳ್ಳುತ್ತಾ.

"ಬಂದಿದ್ದಾನೆ ಸರ್! ಕ್ಯಾಂಟೀನಿನಲ್ಲಿದ್ದಾನೆ!" ಮಕ್ಕಳೆಲ್ಲ ಒಟ್ಟಿಗೆ ಕೂಗಿದರು. ಒಬ್ಬಳು ಬುದ್ಧಿವಂತೆ ಸೇರಿಸಿದಳು, "ಸಿಕ್ಕಿದವನನ್ನು ಬಿಟ್ಟು ಬೇರೆಯವನನ್ನು ತೆಗೆದರೆ ಫಲಿತಾಂಶ ಕೆಡುತ್ತದೆ ಸರ್." ನಾನು ಇಂಥ ಪ್ರಾಮಾಣಿಕ ಮಕ್ಕಳನ್ನು ಯಾಕೆ ತಯಾರು ಮಾಡಿದೆನಪ್ಪಾ ಎಂದು ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡೆ.

ಹುಡುಗ ಬಂದ. ಕೈಯಲ್ಲಿ ಅರ್ಧ ತಿಂದ ವಡಾಪಾವ್, ಗದ್ದಕ್ಕೆ ಚಟ್ನಿ. ತಂಡವನ್ನು ನೋಡಿ ವಡಾಪಾವನ್ನು ಬೆನ್ನ ಹಿಂದೆ ಮರೆಮಾಡಿದ.

ಅಧ್ಯಕ್ಷರು ಪೆನ್ನು ಬಿಚ್ಚಿದರು. "ಈ ವಿಭಾಗದಲ್ಲಿ ನೀನು ಏನೂ ಕಲಿತಿಲ್ಲ ಎಂದು ನಾನು ಹೇಳುತ್ತೇನೆ. ಏನು ಹೇಳುತ್ತೀ?"

ಎರಡು ಕೋಣೆ, ಹೆಡ್ ಸರ್ ಅವರ ಹಟ, ನನ್ನ ಇಷ್ಟು ವರ್ಷದ ಪಾಠ, ಎಲ್ಲವೂ ಆ ಚಟ್ನಿ ಮೆತ್ತಿದ ಬಾಯಿಯಿಂದ ಹೊರಡುವ ಉತ್ತರದ ಮೇಲೆ ನಿಂತಿತ್ತು.

ಹುಡುಗ ತಲೆ ಕೆರೆದುಕೊಂಡ. "ಸರ್, ಅದು ನಿಮ್ಮ ಊಹೆ. ಊಹೆಯನ್ನು ಪರೀಕ್ಷೆ ಮಾಡಬೇಕು. ನಿಮ್ಮ ಹತ್ತಿರ ಡೇಟಾ ಏನಿದೆ?"

"ನೀನೇ ಡೇಟಾ."

"ನಾನು ಒಬ್ಬನೇ ಇದ್ದೇನೆ ಸರ್. ಒಬ್ಬನನ್ನು ನೋಡಿ ಇಡೀ ವಿಭಾಗದ ಬಗ್ಗೆ ಹೇಳಲು ಬರುವುದಿಲ್ಲ. ಇನ್ನಷ್ಟು ಚೀಟಿ ತೆಗೆಯಿರಿ."

"ವಿಭಾಗ ಬೇಡ. ನಿನ್ನ ಬಗ್ಗೆ ಮಾತ್ರ ಹೇಳುತ್ತೇನೆ. ನೀನು ಉತ್ತರ ಹೇಳಲಿಲ್ಲ, ಆದ್ದರಿಂದ ಏನೂ ಕಲಿತಿಲ್ಲ ಎಂದು ಬರೆಯುತ್ತೇನೆ."

"ಹಾಗೆ ಬರೆಯಲು ಬರುವುದಿಲ್ಲ ಸರ್!" ಹುಡುಗ ಆವೇಶದಲ್ಲಿ ಕೈ ಎತ್ತಿದ, ಎತ್ತಿದ ಕೈಯಲ್ಲಿ ವಡಾಪಾವ್. "ಕಲಿತಿದ್ದಾನೆ ಎಂಬುದಕ್ಕೆ ಪುರಾವೆ ಸಾಲದು ಎಂದು ಬರೆಯಬಹುದು. ಪುರಾವೆ ಸಾಲದು ಅನ್ನುವುದು ಬೇರೆ, ಕಲಿತಿಲ್ಲ ಅನ್ನುವುದು ಬೇರೆ. ನಾನು ಇದೇ ತಪ್ಪು ಬರೆದು ಫೇಲಾಗಿದ್ದೇನೆ ಸರ್. ನೀವೂ ಬರೆದರೆ ನಮ್ಮ ಮ್ಯಾಮ್ ನಿಮಗೂ ಮಾರ್ಕ್ಸ್ ಕೊಡುವುದಿಲ್ಲ."

ಅಧ್ಯಕ್ಷರ ಪೆನ್ನು ಕಾಗದದ ಮೇಲೆ ನಿಂತೇಬಿಟ್ಟಿತು. ಆಮೇಲೆ ಅವರು ನಕ್ಕರು ನೋಡಿ, ಟೋಪಿ ಕೆಳಗೆ ಬೀಳುವಷ್ಟು! "ಬೇರೆ ಕಡೆ ನಾನು ಪ್ರಶ್ನೆ ಕೇಳುತ್ತೇನೆ, ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಇಲ್ಲಿ ಒಬ್ಬಳು ನನ್ನ ಆಯ್ಕೆಯನ್ನು ತಿದ್ದಿದಳು, ಒಬ್ಬ ನನ್ನ ತೀರ್ಮಾನವನ್ನು ತಿದ್ದಿದ. ನನ್ನನ್ನೇ ಕೂರಿಸಿ ಪಾಠ ಮಾಡಿದರು. ಇನ್ನು ಯಾವ ಸಾಬೀತು ಬೇಕು?" ಎಂದರು.

ಸಂಜೆ ಆಡಳಿತ ಮಂಡಳಿಯ ಮುಂದೆ ವರದಿ ಓದಿದರು. ವಿಭಾಗ ಮುಚ್ಚುವ ಮಾತೇ ಇಲ್ಲ, ಸೀಟು ಹೆಚ್ಚಿಸಿ, ಇನ್ನೊಂದು ಕೋಣೆ ಕೊಡಿ ಎಂದಿತ್ತು. ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ಅಂಥ ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ. ಮಕ್ಕಳು ಆ ಹುಡುಗನನ್ನು ಹೆಗಲ ಮೇಲೆ ಹೊತ್ತು ಕಾರಿಡಾರ್ ತುಂಬ ಮೆರೆಸಿದರು. ಮೆರವಣಿಗೆಯ ಮುಂದೆ ಹೆಡ್ ಸರ್ ಲೇಜಿಮ್ ಹೆಜ್ಜೆ ಹಾಕುತ್ತಾ ಸರಿಯಾಗಿ ಮ್ಯಾನೇಜ್‌ಮೆಂಟ್ ಕೋರ್ಸಿನ ಬಾಗಿಲ ಮುಂದೆಯೇ ಎರಡು ಸುತ್ತು ಹೆಚ್ಚಿಗೆ ಕುಣಿದರು.

ಗದ್ದಲ ಅಡಗಿದ ಮೇಲೆ ಪ್ರಿನ್ಸಿಪಾಲರು ನನ್ನನ್ನು ಕ್ಯಾಬಿನ್ನಿಗೆ ಕರೆದರು. ಕೈಗೆ ಪೇಡೆ ಕೊಟ್ಟರು. ಬಾಗಿಲು ಹಾಕಿ, ದನಿ ತಗ್ಗಿಸಿ ಕೇಳಿದರು: "ನನಗೊಬ್ಬನಿಗೆ ಹೇಳಿ ಮೇಡಂ. ಸರಿಯಾಗಿ ಅವನ ಚೀಟಿಯೇ ಬರುವ ಹಾಗೆ ಎಂತ ಮಾಡಿದ್ರಿ?"

"ಏನೂ ಮಾಡಿಲ್ಲ ಸರ್. ಅದು ರ‍್ಯಾಂಡಮ್."

"ಹೌದು ಹೌದು, ರ‍್ಯಾಂಡಮ್" ಎಂದು ಕಣ್ಣು ಮಿಟುಕಿಸಿದರು.

ನಾನು ಕೂತು, ಸಮಾನ ಅವಕಾಶ ಎಂದರೇನು, ಚೀಟಿ ಕಲಸುವುದು ಯಾಕೆ, ಕಣ್ಣು ಮುಚ್ಚಿಸುವುದು ಯಾಕೆ, ಯಾರ ನಂಬರ್ ಬರುವುದೆಂದು ದೇವರಿಗೂ ಯಾಕೆ ಗೊತ್ತಿರುವುದಿಲ್ಲ, ಎಲ್ಲವನ್ನೂ ಮೊದಲ ವರ್ಷದವರಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದೆ. ಅವರು ಒಂದು ಮಾತೂ ಅಡ್ಡ ಹಾಕದೆ, ತಲೆದೂಗುತ್ತಾ, ಬಹಳ ಗಮನವಿಟ್ಟು ಕೇಳಿದರು. ಎಲ್ಲ ಮುಗಿದ ಮೇಲೆ ನನ್ನ ಕೈಗೆ ಇನ್ನೊಂದು ಪೇಡೆ ಇಟ್ಟು ಹೇಳಿದರು:

"ಆಯ್ತು ಮೇಡಂ, ಮುಂದಿನ ತಂಡಕ್ಕೂ ಅವನೇ ರ‍್ಯಾಂಡಮ್ ಆಗಿ ಬರಲಿ. ಅಲ್ಲಿಯವರೆಗೆ ಅವನನ್ನು ಮಾತ್ರ ಪಾಸು ಮಾಡಬೇಡಿ ಮಾರಾಯ್ರೇ!"